ಹಳೆಯ ಕಾರಿಗೆ ಕೂಡಿಸಿದ ರಿವರ್ಸ್ ಕ್ಯಾಮೆರಾ: ದೋಷ ಎಲ್ಲಿದೆ ಎಂದು ಹಿಡಿಯುವ ಬಗೆ

ಹಳೆಯ ಕಾರಿಗೆ ಆಮೇಲೆ ಕೂಡಿಸಿದ ರಿವರ್ಸ್ ಕ್ಯಾಮೆರಾ ಕೈಕೊಟ್ಟರೆ ಹೆಚ್ಚಿನವರು ಮೊದಲು ಬದಲಿಸುವುದು ಕ್ಯಾಮೆರಾವನ್ನೇ. ಹೊಸದು ಹಾಕಿದ ಮೇಲೆ ಚಿತ್ರ ಬರುತ್ತದೆ, ಹಳೆಯದು ಕಸಕ್ಕೆ ಹೋಗುತ್ತದೆ, ಕೆಲವು ವಾರಗಳಲ್ಲಿ ಪರದೆ ಮತ್ತೆ ಕಪ್ಪಾಗುತ್ತದೆ. ಕಾರಣ ಸರಳ. ಕ್ಯಾಮೆರಾ ಬದಲಿಸುವಾಗ ಹಿಂಭಾಗದ ಕನೆಕ್ಟರ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಒತ್ತಿ ಕೂಡಿಸುತ್ತೇವೆ. ಕಿಲುಬು ಹಿಡಿದ ಪಿನ್ನುಗಳು ಒಂದಿಷ್ಟು ಉಜ್ಜಿಕೊಂಡು ತಾತ್ಕಾಲಿಕವಾಗಿ ಸಂಪರ್ಕ ಸಿಗುತ್ತದೆ. ಸರಿಹೋದದ್ದು ಸಂಪರ್ಕ, ಹೆಸರು ಬಂದದ್ದು ಹೊಸ ಕ್ಯಾಮೆರಾಕ್ಕೆ. ಹಳೆಯ ಕಾರಿನಲ್ಲಿ ದೋಷ ಬಹುಪಾಲು ಇರುವುದು ವಿದ್ಯುತ್ ಹರಿಯುವ ದಾರಿಯಲ್ಲಿ, ಅದರಲ್ಲೂ ಅದು ಬ್ಯಾಟರಿಗೆ ಮರಳುವ ದಾರಿಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಪತ್ತೆ ಹಚ್ಚಲು ವೋಲ್ಟ್, ಓಮ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು, ತಾಳ್ಮೆ ಮಾತ್ರ ಬೇಕು.

ಈ ವ್ಯವಸ್ಥೆಗೆ ಬೇಕಾದದ್ದು ಮೂರು. ಕ್ಯಾಮೆರಾಕ್ಕೆ ಸುಮಾರು 12 ವೋಲ್ಟಿನ ವಿದ್ಯುತ್. ಕ್ಯಾಮೆರಾದಿಂದ ಮುಂದಿನ ಪರದೆಗೆ ಚಿತ್ರದ ಸಿಗ್ನಲ್. "ಈಗ ರಿವರ್ಸ್ ಬಿದ್ದಿದೆ, ಪರದೆ ಬದಲಿಸು" ಎಂದು ಡ್ಯಾಶ್‌ಬೋರ್ಡಿನ ಪರದೆಯ ಪೆಟ್ಟಿಗೆಯಾದ ಹೆಡ್ ಯೂನಿಟ್‌ಗೆ ತಿಳಿಸುವ ಟ್ರಿಗರ್ ವೈರ್. ಮೊದಲನೆಯದೂ ಮೂರನೆಯದೂ ಸಾಮಾನ್ಯವಾಗಿ ರಿವರ್ಸ್ ಲೈಟಿನ ವೈರಿನಿಂದಲೇ ಹುಟ್ಟುತ್ತವೆ. ಚಿತ್ರ ಒಯ್ಯುವ, ಹಳದಿ ತುದಿಯ ಆರ್‌ಸಿಎ ಕೇಬಲ್ಲಿನ ಎರಡೂ ತುದಿಗಳಲ್ಲಿ ಒಂದು ತೆಳುವಾದ ಕೆಂಪು ವೈರ್ ಹೊರಗೆ ಇಣುಕುತ್ತಿರುತ್ತದಲ್ಲ, ಅದು ಟ್ರಿಗರನ್ನು ಹಿಂದಿನಿಂದ ಮುಂದಕ್ಕೆ ಒಯ್ಯಲೆಂದೇ ಇರುವುದು. ಚಿತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರರಲ್ಲಿ ಯಾವುದು ತಪ್ಪಿದೆ ಎಂದು ಗೊತ್ತಾಗುವ ಮುಂಚೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಡಿ.

ಮೊದಲು ಸುರಕ್ಷತೆ

ಕಾರು ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಪರೀಕ್ಷೆಗಳನ್ನು ಎಂಜಿನ್ ಆಫ್ ಮಾಡಿ, ಕೀಲಿ ಮಾತ್ರ ಆನ್ ಮಾಡಿಕೊಂಡು ನಡೆಸಿ. ಗೇರ್ ಹಾಕಿದರೆ ರಿವರ್ಸ್ ಲೈಟ್ ಉರಿಯಲು ಅಷ್ಟು ಸಾಕು. ಎಂಜಿನ್ ಓಡಬೇಕಾದ ಪರೀಕ್ಷೆ ಒಂದೆರಡಿವೆ. ಆಗ ಒಬ್ಬರು ಚಾಲಕನ ಸೀಟಿನಲ್ಲಿ ಬ್ರೇಕ್ ಒತ್ತಿ ಕುಳಿತಿರಬೇಕು ಮತ್ತು ಕಾರಿನ ಹಿಂದೆ ಯಾರೂ ನಿಲ್ಲಬಾರದು. ಆಟೊಮ್ಯಾಟಿಕ್ ಗೇರ್ ಕಾರುಗಳಲ್ಲಿ ಈ ಮಾತನ್ನು ಎರಡು ಪಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ವೈರ್ ಕತ್ತರಿಸುವ, ಬೆಸುಗೆ ಹಾಕುವ ಕೆಲಸಕ್ಕೆ ಇಳಿಯುವಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ.

ಇನ್ನೂ ಎರಡು ಮಾತು. ಲಾರಿಗಳಲ್ಲಿ, ಕೆಲವು ದೊಡ್ಡ ವ್ಯಾನುಗಳಲ್ಲಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ಕ್ಯಾಮೆರಾ ಅಲ್ಲಿ ಬಾಳದು. ತೀರಾ ಪುರಾತನ ಕಾರುಗಳಲ್ಲಿ 6 ವೋಲ್ಟಿನ ಬ್ಯಾಟರಿಯೋ, ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ನೆಗೆಟಿವ್ ಬದಲು ಪಾಸಿಟಿವ್ ಸೇರಿಸಿದ ವೈರಿಂಗೋ ಇರಬಹುದು. ಅಂಥ ಕಾರಿನಲ್ಲಿ ಕ್ಯಾಮೆರಾದ ಕಪ್ಪು ವೈರನ್ನು ಕಣ್ಣು ಮುಚ್ಚಿ ಬಾಡಿಗೆ ಬಿಗಿದರೆ ಫ್ಯೂಸೋ ಕ್ಯಾಮೆರಾವೋ ಹೋಗುತ್ತದೆ. ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಸೇರಿದೆ ಎಂದು ಬಾನೆಟ್ ಎತ್ತಿ ನೋಡಿಯೇ ಮುಂದುವರಿಯಿರಿ.

ಪರದೆ ಏನು ಹೇಳುತ್ತಿದೆ

ಕೀಲಿ ಆನ್ ಮಾಡಿ, ಹೆಡ್ ಯೂನಿಟ್ ಪೂರ್ತಿ ಎಚ್ಚರಗೊಳ್ಳುವವರೆಗೆ ಕಾಯಿರಿ, ಆಮೇಲೆ ರಿವರ್ಸ್ ಹಾಕಿ. ಪರದೆಯಲ್ಲಿ ಏನೂ ಬದಲಾಗದೆ ಹಾಡಿನ ಪಟ್ಟಿಯೋ ನಕ್ಷೆಯೋ ಹಾಗೇ ಉಳಿದರೆ ಟ್ರಿಗರ್ ಬಂದಿಲ್ಲ ಎಂದರ್ಥ. ಕ್ಯಾಮೆರಾ ಚೆನ್ನಾಗಿಯೇ ಇರಬಹುದು. ಪರದೆ ನೀಲಿಯೋ ಕಪ್ಪೋ ಆಗಿ "ನೋ ಸಿಗ್ನಲ್" ಎಂದರೆ ಟ್ರಿಗರ್ ಬಂದಿದೆ, ಚಿತ್ರ ಬಂದಿಲ್ಲ. ಚಿತ್ರ ಬಂದರೂ ಗೆರೆ, ಅಲೆ, ನಡುಕ ಇದ್ದರೆ ಕ್ಯಾಮೆರಾವೂ ಕೇಬಲ್ಲೂ ಬದುಕಿವೆ, ಬಹುತೇಕ ಅರ್ಥಿಂಗ್ (ವಿದ್ಯುತ್ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಅಥವಾ ವಿದ್ಯುತ್ ಕೆಟ್ಟಿದೆ. ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಎಲ್ಲೋ ವೈರ್ ಮುರಿದಿದೆ ಅಥವಾ ಸಂಪರ್ಕ ಸಡಿಲವಾಗಿದೆ.

ಹೆಡ್ ಯೂನಿಟ್ ಎಚ್ಚರಗೊಳ್ಳುವವರೆಗೆ ಕಾಯಿರಿ ಎಂದದ್ದಕ್ಕೆ ಕಾರಣವಿದೆ. ಆಂಡ್ರಾಯ್ಡ್ ಹೆಡ್ ಯೂನಿಟ್‌ಗಳು ಪೂರ್ತಿ ತೆರೆದುಕೊಳ್ಳಲು ಕೆಲವೊಮ್ಮೆ ಅರ್ಧ ನಿಮಿಷ ತೆಗೆದುಕೊಳ್ಳುತ್ತವೆ. ಕೀಲಿ ತಿರುಗಿಸಿದ ಕೂಡಲೇ ರಿವರ್ಸ್ ಹಾಕಿದವರಿಗೆ ಕಪ್ಪು ಪರದೆ ಕಾಣುತ್ತದೆ, ಕ್ಯಾಮೆರಾ ಸತ್ತಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಹಾಗೆಂದು ಈ ವಿಳಂಬವನ್ನು ಒಪ್ಪಿಕೊಂಡು ಸುಮ್ಮನಿರಬೇಕೆಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ 2018ರ ಮೇ 1ರಿಂದ ತಯಾರಾದ ಹೊಸ ಲಘು ವಾಹನಗಳಿಗೆಲ್ಲ ಹಿಂದಿನ ನೋಟ ತೋರಿಸುವ ವ್ಯವಸ್ಥೆ ಕಡ್ಡಾಯವಾಗಿದ್ದು, ರಿವರ್ಸ್ ಹಾಕಿದ 2 ಸೆಕೆಂಡಿನೊಳಗೆ ಚಿತ್ರ ಬರಬೇಕೆಂಬ ನಿಯಮವಿದೆ. ಹಳೆಯ ಕಾರಿಗೂ ಅದೇ ಒಳ್ಳೆಯ ಅಳತೆಗೋಲು. ಹೆಡ್ ಯೂನಿಟ್ ಎಚ್ಚರವಿದ್ದಾಗಲೂ ಚಿತ್ರ ಅದಕ್ಕಿಂತ ತಡವಾಗಿ ಬಂದರೆ ಕ್ಯಾಮೆರಾಕ್ಕೆ ತಲುಪುವ ವೋಲ್ಟೇಜ್ ಅಳೆಯಬೇಕಾದ ಹೊತ್ತು ಬಂದಿದೆ.

ರಿವರ್ಸ್ ಲೈಟ್ ಉರಿಯುತ್ತಿದೆಯೇ?

ಇದನ್ನು ನೋಡದೆ ಡ್ಯಾಶ್‌ಬೋರ್ಡ್ ಬಿಚ್ಚುವವರು ಬೇಕಾದಷ್ಟು ಮಂದಿ ಇದ್ದಾರೆ. ಲೈಟ್ ಉರಿಯದಿದ್ದರೆ ಕ್ಯಾಮೆರಾವನ್ನು ಮರೆತು ಫ್ಯೂಸ್, ಬಲ್ಬ್, ಗೇರ್‌ಬಾಕ್ಸ್ ಮೇಲಿನ ರಿವರ್ಸ್ ಸ್ವಿಚ್ ನೋಡಿ. ಹಳೆಯ ಕಾರುಗಳಲ್ಲಿ ಆ ಸ್ವಿಚ್ ಎಣ್ಣೆ, ಕೆಸರಿನ ನಡುವೆ ಬದುಕುತ್ತದೆ. ಅದರ ಎರಡು ವೈರುಗಳನ್ನು ಕಳಚಿ ಒಂದಕ್ಕೊಂದು ಮುಟ್ಟಿಸಿದಾಗ ಲೈಟ್ ಉರಿದರೆ ಸ್ವಿಚ್ ಕೆಟ್ಟಿದೆ. ಎರಡೇ ವೈರಿನ ಸರಳ ಸ್ವಿಚ್ ಇರುವ ಕಾರುಗಳಿಗೆ ಮಾತ್ರ ಈ ಪರೀಕ್ಷೆ ಅನ್ವಯಿಸುತ್ತದೆ.

ಲೈಟ್ ಉರಿಯುತ್ತಿದ್ದರೂ ಕ್ಯಾಮೆರಾದ ವೈರನ್ನು ಅದಕ್ಕೇ ಸೇರಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಎಷ್ಟೋ ಕಾರುಗಳಲ್ಲಿ ರಿವರ್ಸ್ ಲೈಟ್ ಒಂದೇ ಬದಿಗಿದ್ದು, ಇನ್ನೊಂದು ಬದಿಯ ಅದೇ ಜಾಗದಲ್ಲಿ ಹಿಂದಿನ ಫಾಗ್ ಲೈಟ್ ಇರುತ್ತದೆ. ಬ್ರೇಕ್ ಒತ್ತಿದಾಗ ಪರದೆ ಬದಲಾದರೆ ಬ್ರೇಕ್ ಲೈಟಿಗೆ ಸೇರಿಸಿದ್ದಾರೆ, ಫಾಗ್ ಲೈಟ್ ಹಾಕಿದಾಗ ಬದಲಾದರೆ ಫಾಗ್ ಲೈಟಿಗೆ ಸೇರಿಸಿದ್ದಾರೆ. ವೈರಿನ ಬಣ್ಣವನ್ನು ನಂಬಬೇಡಿ. ಹಿಂದೆ ಯಾರ್ಯಾರೋ ರಿಪೇರಿ ಮಾಡಿದ ಹಳೆಯ ಕಾರಿನಲ್ಲಿ ಬಣ್ಣಕ್ಕೆ ಬೆಲೆಯಿಲ್ಲ.

ಪರದೆ ಬದಲಾಗುವುದೇ ಇಲ್ಲ

ಹೆಡ್ ಯೂನಿಟ್‌ನ ಸೆಟ್ಟಿಂಗ್‌ನಲ್ಲಿ ರಿವರ್ಸ್ ಕ್ಯಾಮೆರಾ ಆಯ್ಕೆ ಆನ್ ಆಗಿದೆಯೇ ಎಂದು ಮೊದಲು ನೋಡಿ. ಬ್ಯಾಟರಿ ಬಿಚ್ಚಿ ಹಾಕಿದಾಗ ಕೆಲವು ಯೂನಿಟ್‌ಗಳು ಇದನ್ನು ಮರೆಯುತ್ತವೆ. ಆನ್ ಇದ್ದರೆ ಯೂನಿಟ್ ಹೊರಗೆಳೆದು, ಅದರ ರಿವರ್ಸ್ ವೈರ್ ಯಾವುದೆಂದು ಅದರ ಮೇಲಿನ ಚೀಟಿ ನೋಡಿ ಗುರುತಿಸಿ, ಗೇರ್ ಹಾಕಿಸಿ, ಬಾಡಿಗೆ ಹೋಲಿಸಿ ಅಳೆಯಿರಿ. ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಓದು ಬಂದೂ ಪರದೆ ಬದಲಾಗದಿದ್ದರೆ ದೋಷ ಯೂನಿಟ್‌ನದು. ಸೊನ್ನೆ ಬಂದರೆ ಆ ಕೆಂಪು ವೈರನ್ನು ಹಿಂದಕ್ಕೆ ಬೆನ್ನಟ್ಟಿ. ಬಹುತೇಕ ಅದರ ಹಿಂದಿನ ತುದಿಯನ್ನು ಯಾವುದಕ್ಕೂ ಸೇರಿಸದೆ ಟೇಪ್ ಸುತ್ತಿ ಬಿಟ್ಟಿರುತ್ತಾರೆ, ಇಲ್ಲವೇ ಸೇರಿಸಿದ ಜಾಗದಲ್ಲಿ ಕಳಚಿರುತ್ತದೆ.

12ಕ್ಕೂ ಸೊನ್ನೆಗೂ ನಡುವೆ, ಆರೋ ಎಂಟೋ ವೋಲ್ಟ್ ಕಂಡರೆ ಎರಡು ಸಾಧ್ಯತೆಗಳಿವೆ. ಒಂದು, ದಾರಿಯಲ್ಲಿ ಕೆಟ್ಟ ಸಂಪರ್ಕ. ಇನ್ನೊಂದು, ಲೈಟಿಗೆ ವಿದ್ಯುತ್ತನ್ನು ಸೆಕೆಂಡಿಗೆ ನೂರಾರು ಬಾರಿ ಆನ್-ಆಫ್ ಮಾಡುತ್ತಾ ಕೊಡುವ ಕಂಟ್ರೋಲ್ ಮಾಡ್ಯೂಲ್. ಈ ಶತಮಾನದ ಆರಂಭದ ನಂತರದ ಕೆಲವು ಕಾರುಗಳಲ್ಲಿ ಇಂಥ ಮಾಡ್ಯೂಲ್ ಇದೆ. ಮಲ್ಟಿಮೀಟರ್ ಆಗ ಸರಾಸರಿಯನ್ನು ತೋರಿಸುತ್ತದೆ. ಬಲ್ಬಿಗೆ ಇದರಿಂದ ತೊಂದರೆಯಿಲ್ಲ, ಕ್ಯಾಮೆರಾ ಮಾತ್ರ ಮಿಣಕುತ್ತದೆ, ಚಿತ್ರದಲ್ಲಿ ಅಡ್ಡ ಪಟ್ಟಿಗಳು ಓಡುತ್ತವೆ. ಪರಿಹಾರವೆಂದರೆ ಕ್ಯಾಮೆರಾದ ಪಾಸಿಟಿವ್ ವೈರಿನಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್, ಅದರ ನಂತರ ಬಾಡಿಗೆ, ವಿದ್ಯುತ್ ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್. ಕ್ಯಾಮೆರಾ 100 ಮಿಲಿಆಂಪಿಯರ್ ಎಳೆಯುತ್ತದೆ, ವಿದ್ಯುತ್ ಹೆಚ್ಚೆಂದರೆ 10 ಮಿಲಿಸೆಕೆಂಡ್ ಕಡಿದುಹೋಗುತ್ತದೆ ಎಂದುಕೊಳ್ಳಿ. 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಅಷ್ಟು ಹೊತ್ತಿನಲ್ಲಿ 1 ವೋಲ್ಟ್ ಕಳೆದುಕೊಳ್ಳುತ್ತದೆ, 2200 ಆದರೆ ಅರ್ಧ ವೋಲ್ಟಿಗಿಂತ ಕಡಿಮೆ. ಡಯೋಡ್ ಇಲ್ಲದಿದ್ದರೆ ಕೆಪಾಸಿಟರಿನಲ್ಲಿ ಕೂಡಿಟ್ಟದ್ದನ್ನು ಬಲ್ಬ್ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೆಪಾಸಿಟರ್ 25 ವೋಲ್ಟಿನದು ಅಥವಾ ಹೆಚ್ಚಿನದಾಗಿರಲಿ. ಧ್ರುವ ತಪ್ಪಿಸಿ ಹಾಕಿದರೆ ಅದು ಸಿಡಿಯಬಹುದು, ಜೋಕೆ.

ಪರದೆ ಬದಲಾಗುತ್ತದೆ, ಚಿತ್ರವಿಲ್ಲ

ಇಲ್ಲಿ ದಾರಿಯನ್ನು ಅರ್ಧಕ್ಕೆ ಕತ್ತರಿಸುವುದೇ ಜಾಣತನ. ಕ್ಯಾಮೆರಾವನ್ನು ಬಿಚ್ಚಲು ಸಾಧ್ಯವಿದ್ದರೆ ಅದನ್ನು ಮುಂದಿನ ಸೀಟಿಗೆ ತನ್ನಿ; ಅದರ ಸ್ವಂತ ಗಿಡ್ಡ ವೈರನ್ನು ನೇರವಾಗಿ ಹೆಡ್ ಯೂನಿಟ್‌ನ ಕ್ಯಾಮೆರಾ ಕಿಂಡಿಗೆ ಚುಚ್ಚಿ; ಸಣ್ಣದೊಂದು ಪ್ರತ್ಯೇಕ 12 ವೋಲ್ಟ್ ಬ್ಯಾಟರಿಯಿಂದ ವಿದ್ಯುತ್ ಕೊಟ್ಟು ರಿವರ್ಸ್ ಹಾಕಿ. ಚಿತ್ರ ಬಂದರೆ ಕ್ಯಾಮೆರಾವೂ ಪರದೆಯೂ ಸರಿ, ನಡುವಿನ ದಾರಿ ಕೆಟ್ಟಿದೆ. ಬಾರದಿದ್ದರೆ ಕೇಬಲ್ ಹಿಂದೆ ಬೀಳುವ ಅಗತ್ಯವಿಲ್ಲ, ಈ ಎರಡರಲ್ಲೇ ಒಂದು ತಪ್ಪಿತಸ್ಥ. ಕ್ಯಾಮೆರಾ ಬಂಪರಿನೊಳಗೆ ಹುದುಗಿದ್ದು ಹೊರತೆಗೆಯುವುದು ಕಷ್ಟವಾದರೆ, ಸೀಟುಗಳ ಮೇಲಿಂದಲೇ ಒಂದು ಹೊಸ ವಿಡಿಯೊ ಕೇಬಲ್ ಹಾಸಿ ಹಳೆಯದನ್ನು ಬದಿಗಿಟ್ಟು ನೋಡಿ.

ಕೇಬಲನ್ನು ಅಳೆಯುವಾಗ ಎರಡೂ ತುದಿ ಕಳಚಿರಬೇಕು. ನಡುವಿನ ಪಿನ್ನಿನಿಂದ ಇನ್ನೊಂದು ತುದಿಯ ನಡುವಿನ ಪಿನ್ನಿಗೆ ಕೆಲವೇ ಓಮ್ ಬರಬೇಕು, ಹೊರ ಕವಚದಿಂದ ಕವಚಕ್ಕೂ ಹಾಗೆಯೇ. ಪಿನ್ನಿಗೂ ಕವಚಕ್ಕೂ ನಡುವೆ ಮೀಟರ್ ಏನೂ ತೋರಿಸಬಾರದು. ತೋರಿಸಿದರೆ ಎಲ್ಲೋ ಸ್ಕ್ರೂ ಚುಚ್ಚಿದೆ ಅಥವಾ ಸೀಟಿನ ಹಳಿಯ ಕೆಳಗೆ ಕೇಬಲ್ ಜಜ್ಜಿಹೋಗಿದೆ.

ಎಲ್ಲ ವೈರುಗಳೂ ಸರಿಯಿದ್ದು ಚಿತ್ರ ಬಾರದಿದ್ದರೆ ಕ್ಯಾಮೆರಾ, ಪರದೆಗಳ ಸಿಗ್ನಲಿನ ಭಾಷೆ ಹೊಂದುತ್ತದೆಯೇ ನೋಡಿ. ಹಳೆಯ ಮಾದರಿಯ ಕ್ಯಾಮೆರಾಗಳು ಕೊಡುವುದು ಹಳೆಯ ಟಿವಿಗಳ ಬಗೆಯ ಕಾಂಪೊಸಿಟ್ ವಿಡಿಯೊ: 625 ಗೆರೆಗಳ ಪಾಲ್, ಇಲ್ಲವೇ 525 ಗೆರೆಗಳ ಎನ್‌ಟಿಎಸ್‌ಸಿ. ಈಗ ಬರುವ ಎಷ್ಟೋ ಕ್ಯಾಮೆರಾಗಳು ಅದೇ ಹಳದಿ ಪ್ಲಗ್ ಹೊತ್ತುಕೊಂಡು, ಹೆಚ್ಚು ಸ್ಪಷ್ಟ ಚಿತ್ರದ ಬೇರೆ ಬಗೆಯಾದ ಎಎಚ್‌ಡಿ ಸಿಗ್ನಲ್ ಕಳಿಸುತ್ತವೆ. ಪ್ಲಗ್ ಕೂಡುತ್ತದೆ, ಚಿತ್ರ ಕೂಡುವುದಿಲ್ಲ. ಎಎಚ್‌ಡಿ ಅರಿಯದ ಪರದೆ "ನೋ ಸಿಗ್ನಲ್" ಎನ್ನುತ್ತದೆ ಅಥವಾ ಬೂದು ಬಣ್ಣದ ಚೂರುಗಳನ್ನು ತೋರಿಸುತ್ತದೆ. ಪಾಲ್, ಎನ್‌ಟಿಎಸ್‌ಸಿ ಅದಲುಬದಲಾಗಿದ್ದರೆ ಚಿತ್ರ ಕಪ್ಪು-ಬಿಳುಪಾಗಿ ಬರಬಹುದು, ಮೇಲಿಂದ ಕೆಳಕ್ಕೆ ಉರುಳಬಹುದು. ಹೆಡ್ ಯೂನಿಟ್‌ನ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾದ ಬಗೆಯನ್ನು ಒಂದೊಂದಾಗಿ ಬದಲಿಸಿ ನೋಡಿ. ಕೆಲವು ಕ್ಯಾಮೆರಾಗಳಲ್ಲೂ ಇದನ್ನು ಬದಲಿಸಲು ಸಣ್ಣ ವೈರ್ ಕುಣಿಕೆ ಇರುತ್ತದೆ. ಡ್ಯಾಶ್‌ಕ್ಯಾಮ್ ಜೊತೆ ಬರುವ, ನಾಲ್ಕು ಉಂಗುರದ ತೆಳು ಜಾಕ್ ಇರುವ ಹಿಂಬದಿ ಕ್ಯಾಮೆರಾವನ್ನು ಅಡಾಪ್ಟರ್ ಹಾಕಿ ಹೆಡ್ ಯೂನಿಟ್‌ಗೆ ಕೂಡಿಸುವ ಪ್ರಯತ್ನವನ್ನೂ ಕಂಡಿದ್ದೇನೆ. ಅದು ತನ್ನ ರೆಕಾರ್ಡರಿನಿಂದಲೇ ವಿದ್ಯುತ್ ಪಡೆಯುವಂತೆ ಮಾಡಿದ್ದು. ಅದರ ಮೇಲೆ ಸಮಯ ಕಳೆಯಬೇಡಿ.

ಮೀಟರ್ ಸುಳ್ಳು ಹೇಳುವುದು ಯಾವಾಗ

ಕ್ಯಾಮೆರಾದ ಪವರ್ ಪ್ಲಗ್ ಕಳಚಿ ಅಳೆದಾಗ 12 ವೋಲ್ಟ್ ಇತ್ತು, ಹಾಗಾಗಿ ವಿದ್ಯುತ್ ಸರಿಯಿದೆ ಎನ್ನುವವರನ್ನು ನಾನು ಪ್ರತಿ ಬಾರಿ ತಡೆಯುತ್ತೇನೆ. ಮಲ್ಟಿಮೀಟರ್ ತಾನೇನೂ ವಿದ್ಯುತ್ ಎಳೆಯುವುದಿಲ್ಲ ಎಂದರೂ ನಡೆಯುತ್ತದೆ. ವೈರಿನ ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ, ಪಿನ್ನಿನ ಮೇಲೆ ಹಸಿರು ಕಿಲುಬಿನ ಪದರವಿದ್ದರೂ ಅದು 12 ಎಂದೇ ತೋರಿಸುತ್ತದೆ. ಕ್ಯಾಮೆರಾ ಕೂಡಿಸಿದ ಮರುಕ್ಷಣ ಆ ಕೆಟ್ಟ ಸಂಪರ್ಕದಲ್ಲೇ ವೋಲ್ಟೇಜ್ ಕರಗಿಹೋಗುತ್ತದೆ. ಆದ್ದರಿಂದ ಅಳತೆ ಯಾವಾಗಲೂ ಕ್ಯಾಮೆರಾ ಕೂಡಿಸಿದ್ದಾಗಲೇ ಆಗಬೇಕು: ಕನೆಕ್ಟರಿನ ಹಿಂಬದಿಯಿಂದ ಮೀಟರಿನ ಮುಳ್ಳುಗಳನ್ನು ತೂರಿಸಿ, ಕ್ಯಾಮೆರಾದ ಕೆಂಪು ಮತ್ತು ಕಪ್ಪು ವೈರುಗಳ ನಡುವೆ ಓದಿ. ಎಂಜಿನ್ ಆಫ್ ಇದ್ದಾಗ ಆರೋಗ್ಯವಂತ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಕ್ಯಾಮೆರಾದಲ್ಲಿ ಅದಕ್ಕಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ಚಿಂತೆಯಿಲ್ಲ, ಎರಡು ವೋಲ್ಟ್ ಕಡಿಮೆಯಿದ್ದರೆ ದೋಷ ಸಿಕ್ಕಿತು.

ಕಳೆದುಹೋದ ಆ ಎರಡು ವೋಲ್ಟ್ ಪಾಸಿಟಿವ್ ಬದಿಯಲ್ಲಿದೆಯೋ ನೆಗೆಟಿವ್ ಬದಿಯಲ್ಲಿದೆಯೋ? ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್‌ಗೆ ಉದ್ದದ ವೈರಿನಿಂದ ಸೇರಿಸಿ, ಇನ್ನೊಂದನ್ನು ಕ್ಯಾಮೆರಾದ ಕಪ್ಪು ವೈರಿಗೆ ಮುಟ್ಟಿಸಿ. ರಿವರ್ಸ್ ಹಾಕಿದಾಗ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ಥಿಂಗ್ ಕೆಟ್ಟಿದೆ. ಕಡಿಮೆಯಿದ್ದರೆ ಪಾಸಿಟಿವ್ ದಾರಿ ನೋಡಿ. ಮೊದಲ ಅನುಮಾನ ವೈರ್ ಕತ್ತರಿಸದೆ ಲೋಹದ ಹಲ್ಲು ಚುಚ್ಚಿ ಜೋಡಿಸುವ ಆ ಪ್ಲಾಸ್ಟಿಕ್ ಕ್ಲಿಪ್ಪಿನ ಮೇಲಿರಲಿ. ಅದು ಸುಲಭ, ಬೇಗ ಆಗುತ್ತದೆ, ಹಳೆಯ ಕಾರಿಗೆ ಕೆಟ್ಟದ್ದು. ಹಲ್ಲು ಅರ್ಧ ಎಳೆಗಳನ್ನು ಕತ್ತರಿಸಿರುತ್ತದೆ, ಉಳಿದವು ತೇವಕ್ಕೆ ಕಪ್ಪಾಗಿರುತ್ತವೆ. ಕಿತ್ತೆಸೆದು ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಏರಿಸಿ. ಆ ಜಾಗದ ಪಕ್ಕದಲ್ಲೇ 1 ಅಥವಾ 2 ಆಂಪಿಯರಿನ ಫ್ಯೂಸ್ ಇರಲಿ.

ಅರ್ಥಿಂಗ್: ಎಲ್ಲ ರೋಗಗಳ ಮೂಲ

ಬ್ರೇಕ್ ಒತ್ತಿದಾಗ ಚಿತ್ರ ಓಲಾಡುತ್ತದೆಯೇ? ಇಂಡಿಕೇಟರ್ ಹಾಕಿದರೆ ಅದೇ ಲಯದಲ್ಲಿ ಚಿತ್ರ ಬೆಳಗಿ ಮಂಕಾಗುತ್ತದೆಯೇ? ಹಾಗಿದ್ದರೆ ಬೇರೇನನ್ನೂ ಅಳೆಯುವ ಮುಂಚೆ ಡಿಕ್ಕಿಯೊಳಗಿನ ಅರ್ಥ್ ಬೋಲ್ಟ್ ಹುಡುಕಿ.

ಲೆಕ್ಕ ಹಾಕಿ ನೋಡಿದರೆ ವಿಷಯ ನಿಚ್ಚಳವಾಗುತ್ತದೆ. ಎರಡು ಬ್ರೇಕ್ ಬಲ್ಬುಗಳು, ತಲಾ 21 ವ್ಯಾಟ್, ಸೇರಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. ಟೈಲ್ ಲೈಟಿನ ಅರ್ಥಿಂಗ್ ಹಳತಾಗಿ ಅಲ್ಲಿ ಬರೀ 0.3 ಓಮ್ ಪ್ರತಿರೋಧ ಹುಟ್ಟಿಕೊಂಡಿದೆ ಎಂದುಕೊಳ್ಳಿ. ಬ್ರೇಕ್ ಒತ್ತಿದ ಕ್ಷಣ ಆ ಬಿಂದು 1 ವೋಲ್ಟ್ ಮೇಲಕ್ಕೆ ಜಿಗಿಯುತ್ತದೆ. ಬಲ್ಬ್ ಸ್ವಲ್ಪ ಮಂಕಾಗುತ್ತದೆ ಅಷ್ಟೆ, ಯಾರ ಗಮನಕ್ಕೂ ಬಾರದು. ಆದರೆ ಕ್ಯಾಮೆರಾದ ಕಪ್ಪು ವೈರೂ ಅದೇ ಬಿಂದುವಿಗೆ ಬಿಗಿದಿದ್ದರೆ? ಕಾಂಪೊಸಿಟ್ ವಿಡಿಯೊ ಸಿಗ್ನಲ್ ತುದಿಯಿಂದ ತುದಿಗೆ ಇರುವುದೇ 1 ವೋಲ್ಟ್. ಅದರಲ್ಲಿ ಪ್ರತಿ ಗೆರೆ ಎಲ್ಲಿ ಶುರುವಾಗಬೇಕೆಂದು ಪರದೆಗೆ ತಿಳಿಸುವ ಭಾಗ ಸುಮಾರು 0.3 ವೋಲ್ಟ್. ನೆಲೆಯೇ ಒಂದು ವೋಲ್ಟ್ ಅಲುಗಾಡಿದರೆ ಆ ಗುರುತು ಕಳೆದುಹೋಗುತ್ತದೆ. ಚಿತ್ರ ಹರಿದು ಓರೆಯಾಗುತ್ತದೆ ಅಥವಾ ಉರುಳತೊಡಗುತ್ತದೆ.

ಇದಕ್ಕಿಂತ ಮೋಸದ ಇನ್ನೊಂದು ಬಗೆಯಿದೆ. ಕ್ಯಾಮೆರಾದ ಕಪ್ಪು ವೈರ್ ಪೂರ್ತಿ ಕಳಚಿಹೋದರೂ ಚಿತ್ರ ಬರುತ್ತಲೇ ಇರಬಹುದು. ವಿಡಿಯೊ ಕೇಬಲ್ಲಿನ ಹೊರ ಕವಚ ಕ್ಯಾಮೆರಾದೊಳಗೆ ನೆಗೆಟಿವ್ ಜೊತೆಗೇ ಸೇರಿರುತ್ತದೆ. ಹಾಗಾಗಿ ಕ್ಯಾಮೆರಾ ಉಣ್ಣುವ ವಿದ್ಯುತ್ತೆಲ್ಲ ಆ ತೆಳುವಾದ ಕವಚದ ಮೂಲಕ ಹೆಡ್ ಯೂನಿಟ್‌ಗೆ ಹೋಗಿ ಅಲ್ಲಿಂದ ಬ್ಯಾಟರಿ ಸೇರುತ್ತದೆ. ಚಿತ್ರ ಬಂದರೂ ಮಂಕು, ಗೆರೆಗೆರೆ. ಪರೀಕ್ಷೆ ಸುಲಭ: ರಿವರ್ಸ್ ಹಾಕಿ, ಹಿಂಭಾಗದಲ್ಲಿ ಆರ್‌ಸಿಎ ಪ್ಲಗ್ಗನ್ನು ಕಳಚಿ, ಕ್ಯಾಮೆರಾದ ಕೆಂಪು ಮತ್ತು ಕಪ್ಪು ವೈರುಗಳ ನಡುವೆ ಅಳೆಯಿರಿ. ಪ್ಲಗ್ ಕೂಡಿದ್ದಾಗ 12 ಇದ್ದದ್ದು ಕಳಚಿದಾಗ ಕುಸಿದರೆ ಕ್ಯಾಮೆರಾ ಕದ್ದ ಅರ್ಥಿಂಗ್ ಮೇಲೆ ಬದುಕುತ್ತಿದೆ.

ಸರಿಪಡಿಸುವಾಗ ಜಾಗದ ಆಯ್ಕೆ ಮುಖ್ಯ. ಡಿಕ್ಕಿಯ ಬಾಗಿಲಿನ ತಗಡಿಗೆ ಸ್ಕ್ರೂ ಹಾಕಿ ಬಿಡಬೇಡಿ. ಆ ತಗಡು ಬಾಡಿಗೆ ಸೇರುವುದು ಬಣ್ಣ ಬಳಿದ, ಗ್ರೀಸ್ ಮೆತ್ತಿದ ಕೀಲುಗಳ ಮೂಲಕ, ಅದು ಸಂಪರ್ಕವೆನ್ನಿಸಿಕೊಳ್ಳದು. ಕಾರಿನ ಬಾಡಿಯಲ್ಲಿ, ತಯಾರಕರೇ ಹಾಕಿದ ಅರ್ಥ್ ಬೋಲ್ಟ್ ಹುಡುಕಿ. ಬೋಲ್ಟ್ ಬಿಚ್ಚಿದಾಗ ಉಂಗುರದ ಕೆಳಗಿನ ತಗಡು ಮಿನುಗಬೇಕು. ಬಹುತೇಕ ಅಲ್ಲಿ ಕಾಣುವುದು ಬೇರೆಯೇ: ಅಂಚಿನಲ್ಲಿ ಕಂದು ತುಕ್ಕಿನ ಸುತ್ತು, ನಡುವೆ ಬಣ್ಣದ ತೆಳುಪದರ, ಬೋಲ್ಟಿನ ಹಲ್ಲುಗಳು ಮಾತ್ರ ಅಲ್ಲಲ್ಲಿ ಲೋಹ ಮುಟ್ಟಿದ ಗುರುತು. ಉಪ್ಪುಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಉಂಗುರದ ಎರಡೂ ಮುಖ ಉಜ್ಜಿ, ಹಲ್ಲಿನ ವಾಷರ್ ಕೊಟ್ಟು ಬಿಗಿದು, ಆಮೇಲೆ ಮೇಲಿನಿಂದ ಗ್ರೀಸ್ ಸವರಿ. ಗ್ರೀಸ್ ಮೊದಲು, ಬೋಲ್ಟ್ ಆಮೇಲೆ ಎಂಬ ಕ್ರಮ ಬೇಡ. ಟೈಲ್ ಲೈಟುಗಳ ಅರ್ಥಿಂಗ್ ಅನ್ನೂ ಇದೇ ಹೊತ್ತಿನಲ್ಲಿ ಶುಚಿ ಮಾಡಿಬಿಡಿ. ಬ್ರೇಕ್ ಲೈಟ್ ಪ್ರಖರವಾಗುವುದು ಕ್ಯಾಮೆರಾಕ್ಕಿಂತ ಮುಖ್ಯವಾದ ಲಾಭ.

ಗೆರೆ, ಚುಕ್ಕೆ, ಅಲೆ

ಎಂಜಿನ್ ಆಫ್ ಇದ್ದಾಗ ಚಿತ್ರ ಶುಭ್ರ, ಎಂಜಿನ್ ಓಡಿದಾಗ ಓರೆ ಗೆರೆಗಳು, ಆಕ್ಸಿಲರೇಟರ್ ಒತ್ತಿದಂತೆ ಗೆರೆಗಳ ಓಟವೂ ಹೆಚ್ಚುತ್ತದೆ ಎಂದರೆ ವಿದ್ಯುತ್ತಿನ ಈ ಗದ್ದಲ, ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರಿನಿಂದ ಬರುತ್ತಿದೆ. ಬ್ಯಾಟರಿಯ ಮೇಲೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಅಳೆಯಿರಿ; ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರುವ ಸಂಭವವಿದ್ದು, ಕ್ಯಾಮೆರಾಕ್ಕಿಂತ ಮೊದಲು ಅದನ್ನು ತೋರಿಸಬೇಕು. ಚದುರಿದ ಬಿಳಿ ಚುಕ್ಕೆಗಳಾದರೆ ಸ್ಪಾರ್ಕ್ ಪ್ಲಗ್ ವೈರುಗಳತ್ತ ನೋಡಿ. ರಿವರ್ಸ್ ಬಲ್ಬನ್ನು ಎಲ್‌ಇಡಿಗೆ ಬದಲಿಸಿದ ಮೇಲೆ ಗೆರೆಗಳು ಶುರುವಾಗಿದ್ದರೆ ಹಳೆಯ ತಂತಿ ಬಲ್ಬನ್ನೇ ಒಮ್ಮೆ ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ.

ಗದ್ದಲ ಕಾರಿನ ವಿದ್ಯುತ್ತಿನಿಂದಲೇ ಬರುತ್ತಿದೆಯೇ ಎಂಬ ಪ್ರಶ್ನೆಗೆ ನಿರ್ಣಾಯಕ ಉತ್ತರ ಕೊಡುವ ಉಪಾಯ ಒಂದಿದೆ. ಕ್ಯಾಮೆರಾದ ಕೆಂಪು, ಕಪ್ಪು ಎರಡನ್ನೂ ಕಾರಿನಿಂದ ಬಿಡಿಸಿ, ಆ ಪ್ರತ್ಯೇಕ ಸಣ್ಣ ಬ್ಯಾಟರಿಗೆ ಸೇರಿಸಿ, ಎಂಜಿನ್ ಓಡಿಸಿ ನೋಡಿ. ಗೆರೆಗಳು ಮಾಯವಾದರೆ ವಿದ್ಯುತ್ ಅಥವಾ ಅರ್ಥಿಂಗ್ ದಾರಿಯೇ ಕಾರಣ. ಉಳಿದರೆ ಕೇಬಲ್ ಯಾವುದೋ ದಪ್ಪ ಪವರ್ ವೈರಿನ ಮಗ್ಗುಲಲ್ಲೇ ಓಡುತ್ತಿದೆ ಅಥವಾ ಕ್ಯಾಮೆರಾದ ಲೋಹದ ಕವಚ ಬಾಡಿಗೆ ತಾಗಿ ಎರಡನೆಯ ಅರ್ಥಿಂಗ್ ಆಗಿದೆ. ಮೊದಲನೆಯದಕ್ಕೆ ಕೇಬಲನ್ನು ಕಾರಿನ ಇನ್ನೊಂದು ಬದಿಗೆ ಸರಿಸಿ, ಎರಡನೆಯದಕ್ಕೆ ರಬ್ಬರ್ ವಾಷರ್ ಕೊಡಿ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಡಬ್ಬಿ ಗೆರೆಗಳನ್ನು ಅಳಿಸುತ್ತದೆ ನಿಜ, ಆದರೆ ಕೆಟ್ಟ ಬೋಲ್ಟನ್ನು ಕೆಟ್ಟದ್ದಾಗಿಯೇ ಉಳಿಸುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಚಿತ್ರ ಶುಭ್ರವಿದ್ದೂ ಒಟ್ಟಾರೆ ಮಂಕಾಗಿದ್ದರೆ, ಒಂದೇ ಕ್ಯಾಮೆರಾವನ್ನು ವೈ ಕೇಬಲ್ ಹಾಕಿ ಎರಡು ಪರದೆಗೆ ಹಂಚಿದ್ದಾರೆಯೇ ನೋಡಿ. ಸಿಗ್ನಲ್ 75 ಓಮಿನ ಒಂದೇ ಪರದೆಗೆ ತಕ್ಕಂತೆ ಇರುತ್ತದೆ. ಎರಡಾದಾಗ 1 ವೋಲ್ಟ್ ಇದ್ದದ್ದು ಸುಮಾರು 0.67ಕ್ಕೆ ಇಳಿಯುತ್ತದೆ.

ವೈರ್‌ಲೆಸ್ ಕ್ಯಾಮೆರಾಗಳ ಬಗ್ಗೆ ಎರಡೇ ಮಾತು: 2.4 ಗಿಗಾಹರ್ಟ್ಸಿನವು ವೈಫೈ, ಬ್ಲೂಟೂತ್ ಜೊತೆ ಅದೇ ಗಾಳಿ ಹಂಚಿಕೊಳ್ಳುತ್ತವೆ, ಮತ್ತು ವಿದ್ಯುತ್ತಿಗೆ ವೈರ್ ಅವಕ್ಕೂ ಬೇಕು. ಮೇಲಿನ ಅಳತೆಗಳಿಂದ ಅವಕ್ಕೂ ವಿನಾಯಿತಿಯಿಲ್ಲ.

ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ

ಡಿಕ್ಕಿಯ ಬಾಗಿಲು ತೆರೆದಾಗ ಚಿತ್ರ ಇದ್ದು ಮುಚ್ಚಿದಾಗ ಹೋಗುವುದು, ಗುಂಡಿಯಲ್ಲಿ ಚಕ್ರ ಇಳಿದಾಗ ಮಿಣುಕುವುದು: ಈ ಲಕ್ಷಣಗಳು ಬಾಡಿಗೂ ಬಾಗಿಲಿಗೂ ನಡುವಿನ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯತ್ತ ಬೆರಳು ತೋರುತ್ತವೆ. ಅದರ ಒಂದು ತುದಿಯನ್ನು ಬಾಡಿಯಿಂದ ಮೆಲ್ಲಗೆ ಬಿಡಿಸಿ ಹಿಂದಕ್ಕೆ ಸರಿಸಿ. ಒಳಗೆ ಕಾರಿನ ಮೂಲ ವೈರುಗಳು, ಅವುಗಳ ಜೊತೆ ತುರುಕಿದ ಕ್ಯಾಮೆರಾದ ವೈರುಗಳು ಇರುತ್ತವೆ. ಕೆಲವದರ ಪ್ಲಾಸ್ಟಿಕ್ ಹೊದಿಕೆ ಒಡೆದು ತಾಮ್ರ ಕಾಣುತ್ತದೆ. ಅದು ಕಣ್ಣಿಗೆ ಬೀಳುವ ದೋಷ. ಕಾಣದ ದೋಷ ಬೇರೆ ಇದೆ: ಹೊದಿಕೆ ಪೂರ್ತಿ ಇದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿರುವುದು. ಒಂದೊಂದು ವೈರನ್ನೂ ಎರಡು ಬೆರಳಿನ ನಡುವೆ ಹಿಡಿದು ಮೆತ್ತಗೆ ಎಳೆಯಿರಿ. ತಾಮ್ರ ಇರುವಲ್ಲಿ ವೈರ್ ಜಗ್ಗುವುದಿಲ್ಲ. ತುಂಡಾದ ಜಾಗದಲ್ಲಿ ಹೊದಿಕೆ ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ, ಅಲ್ಲೇ ಸಣ್ಣದಾಗಿ ಸೊಂಟ ಕಟ್ಟಿದ ಹಾಗೆ ಕಾಣುತ್ತದೆ.

ತುಂಡಾದ ಜಾಗದಲ್ಲೇ ಬೆಸುಗೆ ಹಾಕಿ ಕೊಳವೆಯೊಳಗೆ ತಳ್ಳುವುದು ತಾತ್ಕಾಲಿಕ ರಿಪೇರಿ. ಬೆಸುಗೆಯ ಅಂಚಿನಲ್ಲಿ ವೈರ್ ಪೆಡಸಾಗಿ, ಬಾಗಿಲು ತೆರೆದು ಮುಚ್ಚುವ ಬಾಗುವಿಕೆಗೆ ಅಲ್ಲೇ ಮತ್ತೆ ಮುರಿಯುತ್ತದೆ. ಹೆಚ್ಚು ಎಳೆಗಳ ಮೃದುವಾದ ವೈರನ್ನು ಕೊಳವೆಯ ಉದ್ದಕ್ಕೂ ಹಾಕಿ, ಎರಡೂ ಬೆಸುಗೆಗಳು ಕೊಳವೆಯ ಹೊರಗೆ, ಬಾಗದ ಜಾಗದಲ್ಲಿ ಬರುವಂತೆ ಮಾಡಿ. ಬಾಗಿಲು ಪೂರ್ತಿ ತೆರೆದಾಗಲೂ ಬಿಗಿಯಾಗದಷ್ಟು ಸಡಿಲ ಬಿಡಿ. ವಿಡಿಯೊ ಕೇಬಲ್ ಮುರಿದಿದ್ದರೆ ಬೆಸುಗೆ ಬೇಡ, ಇಡೀ ಕೇಬಲ್ ಬದಲಿಸಿ.

ಇನ್ನುಳಿದವು

ಬೆಳಿಗ್ಗೆ ಮಂಜು ಕವಿದಂತಿದ್ದು ಬಿಸಿಲೇರಿದಂತೆ ತಿಳಿಯಾದರೆ ಮಸೂರದೊಳಗೆ ನೀರಿನಾವಿ ಸೇರಿದೆ. ಐಪಿ67 (ನೀರು, ದೂಳು ಒಳಹೋಗದ ದರ್ಜೆ) ಎಂದು ಬರೆದಿದ್ದರೂ ರಬ್ಬರ್ ಹಳತಾದ ಮೇಲೆ ಅದಕ್ಕೆ ಅರ್ಥವಿಲ್ಲ. ಇದೊಂದು ಸಂದರ್ಭದಲ್ಲಿ ಕ್ಯಾಮೆರಾ ಬದಲಿಸುವುದೇ ಸರಿ. ಸದಾ ಮಂಜಾಗಿದ್ದರೆ ಮೊದಲು ಬಟ್ಟೆಯಿಂದ ಒರೆಸಿ, ಮಸೂರದ ಮೇಲಿನ ರಕ್ಷಣಾ ಹಾಳೆ ಕಿತ್ತಿದ್ದಾರೆಯೇ ನೋಡಿ. ರಾತ್ರಿ ಮಾತ್ರ ಚಿತ್ರ ಬೆಳ್ಳಗಾಗುತ್ತಿದ್ದರೆ ಕ್ಯಾಮೆರಾದ ದೀಪಗಳ ಬೆಳಕು ನಂಬರ್ ಪ್ಲೇಟಿಗೋ ಬಂಪರಿಗೋ ಬಡಿದು ಮರಳುತ್ತಿದೆ, ಕೋನ ಬದಲಿಸಿ.

ಚಿತ್ರ ಎಡಬಲ ಅದಲುಬದಲಾಗಿರುವುದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಎಂಜಿನ್ ಆಫ್ ಮಾಡಿ, ಒಬ್ಬರನ್ನು ಕಾರಿನ ಎಡ ಮೂಲೆಯ ಹಿಂದೆ ನಿಲ್ಲಿಸಿ. ಅವರು ಪರದೆಯಲ್ಲೂ ಎಡಕ್ಕೇ ಕಾಣಬೇಕು. ಬಲಕ್ಕೆ ಕಂಡರೆ ಅದು ಮುಂಭಾಗಕ್ಕೆ ಹೊಂದಿಸಿದ ಕ್ಯಾಮೆರಾ. ಬಹುತೇಕ ಕ್ಯಾಮೆರಾಗಳಲ್ಲಿ ಇದಕ್ಕೊಂದು, ದೂರದ ಗೆರೆಗಳನ್ನು ಅಳಿಸುವುದಕ್ಕೊಂದು ಪುಟ್ಟ ವೈರ್ ಕುಣಿಕೆ ಇರುತ್ತದೆ. ಯಾವ ಬಣ್ಣ ಯಾವುದಕ್ಕೆ ಎಂಬುದು ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆ, ಆದ್ದರಿಂದ ಜೊತೆಗೆ ಬಂದ ಚೀಟಿ ನೋಡಿಯೇ ಕತ್ತರಿಸಿ.

ಮುಚ್ಚುವ ಮುಂಚೆ

ಫಲಕಗಳನ್ನು ಮತ್ತೆ ಕೂಡಿಸುವ ಮುಂಚೆ ಒಂದು ಸುತ್ತು ಪರೀಕ್ಷೆ ನಡೆಸಿ. ಎಂಜಿನ್ ಓಡಿಸಿ, ಹೆಡ್‌ಲೈಟ್, ವೈಪರ್, ಹಿಂದಿನ ಗಾಜಿನ ಹೀಟರ್, ಬ್ರೇಕ್, ಇಂಡಿಕೇಟರ್ ಎಲ್ಲವೂ ಆನ್ ಇರುವಾಗ ರಿವರ್ಸ್ ಹಾಕಿ. ಆಗಲೂ ಚಿತ್ರ ಅಲುಗಬಾರದು. ಆಮೇಲೆ ಎಂಜಿನ್ ಆಫ್ ಮಾಡಿ ಡಿಕ್ಕಿಯ ಬಾಗಿಲನ್ನು ಹಲವು ಬಾರಿ ತೆರೆದು ಮುಚ್ಚಿ. ಕೇಬಲನ್ನು ಕಾರಿನ ಛಾವಣಿ ಹೊರುವ ಕಂಬಗಳ ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಒಯ್ಯುವಾಗ ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದರ ಮುಂದೆ ಅಡ್ಡಲಾಗಿ ಹಾಯಿಸಬೇಡಿ, ಅದರ ಹಿಂದೆ ಸರಿಸಿ ಕಾರಿನ ಮೂಲ ವೈರಿನ ಕಟ್ಟಿಗೇ ಬಿಗಿಯಿರಿ. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳಿಗೆ ಮೀಟರ್ ಮುಟ್ಟಿಸಲೇಬೇಡಿ.

ಕೊನೆಯದಾಗಿ ಅಳತೆ ಟೇಪ್ ತೆಗೆದುಕೊಳ್ಳಿ. ಪರದೆಯ ಮೇಲಿನ ಕೆಂಪು, ಹಳದಿ, ಹಸಿರು ಗೆರೆಗಳು ಕ್ಯಾಮೆರಾದ ಎತ್ತರ, ಕೋನ ತಿಳಿಯದೆ ಕಾರ್ಖಾನೆಯಲ್ಲಿ ಬರೆದವು. ನಿಮ್ಮ ಬಂಪರಿನ ಲೆಕ್ಕ ಅವಕ್ಕೆ ಗೊತ್ತಿಲ್ಲ. ಬಂಪರಿನಿಂದ ಅರ್ಧ ಮೀಟರ್, 1 ಮೀಟರ್, 2 ಮೀಟರ್ ದೂರದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಪರದೆಯಲ್ಲಿ ಅವು ಎಲ್ಲಿ ಬೀಳುತ್ತವೆ ನೋಡಿ. ಅಮೆರಿಕದ ಆ ನಿಯಮ ಕೇಳುವ ನೋಟದ ಹರವು ಕಾರಿನ ಹಿಂದೆ ಸುಮಾರು 3 ಮೀಟರ್ ಅಗಲ, 6 ಮೀಟರ್ ಉದ್ದ. ಒಂದು ಸಣ್ಣ ಮಗುವಿನಷ್ಟು, ಅಂದರೆ ಸುಮಾರು 80 ಸೆಂಟಿಮೀಟರ್ ಎತ್ತರದ ಡಬ್ಬಿಯನ್ನು ಆ ಜಾಗದ ಮೂಲೆಗಳಲ್ಲೂ ಬಂಪರಿನ ತೀರ ಹತ್ತಿರದಲ್ಲೂ ಇಟ್ಟು ನೋಡಿ. ಯಾವ ಮೂಲೆಯಲ್ಲಿ ಅದು ಕಾಣುವುದಿಲ್ಲವೋ ಅದನ್ನು ಕಾರು ಓಡಿಸುವ ಎಲ್ಲರಿಗೂ ಕರೆದು ತೋರಿಸಿ, ಆಮೇಲೆ ಕ್ಯಾಮೆರಾದ ಸ್ಕ್ರೂ ಬಿಗಿಯಿರಿ.